ಕೆಲಸ ಕಸಿದವರು ಯಾರು, ಮಾಸ್ತರರೇ?

ಓದುಗರ ಪತ್ರ:

ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಾರು ಕಟ್ಟಲು ರೋಬೋಟ್, ಹೋಟೆಲಿನಲ್ಲಿ ಬಡಿಸಲು ರೋಬೋಟ್, ಈಗ ನಮ್ಮೂರಿನ ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆಯಲೂ ಡ್ರೋನ್ ಬಂದಿದೆ. ಹೀಗಾದರೆ ಬಡವರ ಕೈಗೆ ಕೆಲಸ ಎಲ್ಲಿಂದ ಬರಬೇಕು? ‘ಕಾಯಕವೇ ಕೈಲಾಸ’ ಎಂದ ಶರಣರ ನೆಲ ನಮ್ಮದು. ಕಾಯಕವನ್ನೇ ಯಂತ್ರಕ್ಕೆ ಕೊಟ್ಟರೆ ಮನುಷ್ಯನಿಗೆ ಉಳಿಯುವುದೇನು? ಸರ್ಕಾರ ಕಾನೂನು ಮಾಡಿ ಇದನ್ನು ತಡೆಯಬೇಕು. ನನ್ನ ಮೊಮ್ಮಗಳು ಪಿಯುಸಿ ಮುಗಿಸಿದ್ದಾಳೆ. ಈ ಕಾಲದಲ್ಲಿ ಅವಳು ಏನು ಓದಿದರೆ ಒಳ್ಳೆಯದು ಅಂತಲೂ ತಿಳಿಸಿ.

ಒಬ್ಬ ನಿವೃತ್ತ ಶಿಕ್ಷಕರು, ಚಿತ್ತಾಪುರ ತಾಲೂಕು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ಇಷ್ಟು ದುಂಡಗಿನ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲದ ಪತ್ರ ಈಗೀಗ ಬರುವುದೇ ಕಡಿಮೆ. ಆದರೆ ವಿಷಯಕ್ಕೆ ಬಂದರೆ ನಿಮ್ಮ ಜೊತೆ ನನಗೆ ಜಗಳವಿದೆ. ಹಿರಿಯರು, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡರೊನ್ ಅಸೆಮೊಗ್ಲು, 2024ರಲ್ಲಿ ನೊಬೆಲ್ ಪಡೆದವರು, ತಮ್ಮ ಸಂಗಡಿಗರೊಬ್ಬರ ಜೊತೆ ಸೇರಿ 1990ರಿಂದ 2007ರವರೆಗಿನ ಅಲ್ಲಿನ ಲೆಕ್ಕ ತೆಗೆದರು. ಸಾವಿರ ಕೆಲಸಗಾರರಿಗೆ ಒಂದು ರೋಬೋಟ್ ಹೆಚ್ಚಾದರೆ ಕೂಲಿ ಶೇ 0.42ರಷ್ಟು ಇಳಿಯುತ್ತದೆ, ಜನಸಂಖ್ಯೆಯಲ್ಲಿ ಕೆಲಸ ಇರುವವರ ಪಾಲು ಶೇಕಡಾ 0.2 ಅಂಶ ಕಡಿಮೆಯಾಗುತ್ತದೆ ಅಂತ ಕಂಡುಕೊಂಡರು. ಕೇಳುವುದಕ್ಕೆ ಸಣ್ಣ ಅಂಕಿ. ಕೆಲಸ ಹೋದವರ ಮನೆಯಲ್ಲಿ ಅದು ಸಣ್ಣದಲ್ಲ. ಇಷ್ಟು ನಿಮ್ಮ ಪಾಲಿಗೆ ಬಿಟ್ಟೆ. ಇನ್ನು ನನ್ನ ಮಾತು ಕೇಳಿ.

ರೋಬೋಟ್ ಈಗ ಬರುತ್ತಿದೆ ಅನ್ನುವ ಹಾಗೆ ಬರೆದಿದ್ದೀರಿ. ಕಲಬುರಗಿಗೆ ಅದು ಬಂದು ಎಷ್ಟೋ ವರ್ಷ ಆಯಿತು. ಅದಕ್ಕೆ ತಲೆ, ಕೈಕಾಲು ಇಲ್ಲ. ಹಾಗಾಗಿ ನಾವು ಗುರುತು ಹಿಡಿಯಲಿಲ್ಲ, ಅಷ್ಟೆ. ಯಾವುದಾದರೂ ದೊಡ್ಡ ದಾಲ್ ಮಿಲ್ಲಿಗೆ ಹೋಗಿ ‘ಸಾರ್ಟೆಕ್ಸ್’ ತೋರಿಸಿ ಅನ್ನಿ. ಅಲ್ಮಾರಿಯಷ್ಟು ದೊಡ್ಡ ಪೆಟ್ಟಿಗೆ. ಮೇಲಿನಿಂದ ಬೇಳೆ ಇಳಿಜಾರಿನಲ್ಲಿ ಜಾರಿ ಬೀಳುತ್ತದೆ. ಬೀಳುವಾಗಲೇ ಕ್ಯಾಮೆರಾ ಒಂದೊಂದು ಬೇಳೆಯ ಬಣ್ಣ ನೋಡುತ್ತದೆ. ಕಪ್ಪಾದದ್ದು, ಸಿಪ್ಪೆ ಉಳಿದದ್ದು, ಕಲ್ಲು ಏನೇ ಕಾಣಲಿ, ಸಣ್ಣ ತೂತಿನಿಂದ ಗಾಳಿ ಫಟ್ ಅಂತ ಬಂದು ಅದನ್ನು ಆಚೆ ತಳ್ಳುತ್ತದೆ. ನೋಡುವುದು ಅದೇ, ತೀರ್ಮಾನ ಮಾಡುವುದು ಅದೇ, ಎತ್ತಿ ಎಸೆಯುವುದೂ ಅದೇ. ರೋಬೋಟ್ ಅಂದರೆ ಇನ್ನೇನು ಮಾಸ್ತರರೇ?

ಮೊದಲು ಆ ಕೆಲಸ ಹೆಂಗಸರದ್ದು. ಮಿಲ್ಲಿನ ನೆಲದ ಮೇಲೆ ಸಾಲಾಗಿ ಕೂತು ಬೇಳೆ ಹಸನು ಮಾಡುತ್ತಿದ್ದರು. ಹೊಟ್ಟಿನ ಧೂಳು ಮೂಗಿಗೆ, ಬಾಯಿಗೆ, ಕಣ್ಣಿಗೆ. ಸಂಜೆ ಮನೆಗೆ ಹೋಗುವಾಗ ಸೀರೆಯ ಬಣ್ಣವೇ ಬೇರೆ. ಹಾಗೆ ದುಡಿದ ಒಬ್ಬ ಅಜ್ಜಿಯನ್ನು ಒಮ್ಮೆ ಮಾತಾಡಿಸಿದ್ದೆ. ಅವರು ಹೇಳಿದ್ದು ಇಷ್ಟೇ: “ಮಷೀನ್ ಬಂತ್ರಿ, ನಾಳಿಂದ ಬರಬ್ಯಾಡ್ರಿ ಅಂದ್ರು. ಕೆಮ್ಮೂ ಕಮ್ಮಿ ಆಯ್ತು, ರೊಕ್ಕಾನೂ ಕಮ್ಮಿ ಆಯ್ತು.”

ಕೆಮ್ಮು ಕಡಿಮೆಯಾದ ಪುಣ್ಯ ಮಷೀನಿನದು. ರೊಕ್ಕ ಕಡಿಮೆಯಾದ ಪಾಪವನ್ನೂ ಮಷೀನಿನ ತಲೆಗೆ ಕಟ್ಟಬೇಕಾ? ಆ ಅಜ್ಜಿಯ ಹೆಸರು ಮಿಲ್ಲಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ತಿಂಗಳ ನೋಟಿಸ್ ಇಲ್ಲ. ಅಷ್ಟು ವರ್ಷ ದುಡಿದದ್ದಕ್ಕೆ ಒಂದು ಚೀಟಿಯೂ ಸಾಕ್ಷಿಯಿಲ್ಲ. ಸಾರ್ಟೆಕ್ಸ್ ಬಾರದೇ ಇದ್ದರೂ ಮೊಣಕಾಲು ನೋವು ಬಂದ ದಿನ ಅವರನ್ನು ಹೀಗೇ ಮನೆಗೆ ಕಳಿಸುತ್ತಿದ್ದರು. ಇನ್ನು ಮಿಲ್ಲುಗಳ ಕಥೆಯೂ ಚೆನ್ನಾಗಿಲ್ಲ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಹಾರ ಹಾಕಿಕೊಂಡೆವು. ಮಿಲ್ಲಿನವರು ಮಾತ್ರ ಮ್ಯಾನ್ಮಾರ್, ಮೊಜಾಂಬಿಕ್ ತೊಗರಿಯ ದರ ನೋಡಿ ಬೆವರುತ್ತಾರೆ. ಎಷ್ಟೋ ಮಿಲ್ಲುಗಳಿಗೆ ಬೀಗ ಬಿದ್ದಿದೆ. ಬೀಗ ಬಿದ್ದ ಮಿಲ್ಲಿನಲ್ಲಿ ಹೆಂಗಸರಿಗೂ ಕೆಲಸವಿಲ್ಲ, ಮಷೀನಿಗೂ ಕೆಲಸವಿಲ್ಲ.

ನೀವು ಕಾಯಕದ ಮಾತು ಎತ್ತಿದ್ದೀರಿ. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ, ಹಾಗಾಗಿ ಈ ಮಾತು ನಮ್ಮ ಬಾಯಿಗೆ ಸಲೀಸಾಗಿ ಬರುತ್ತದೆ. ಆದರೆ ಬೆನ್ನ ಮೇಲೆ ಚೀಲ ಹೊತ್ತವರು ಇದನ್ನು ಹೇಳುವುದನ್ನು ನಾನು ಕೇಳಿಲ್ಲ. ಫ್ಯಾನಿನ ಕೆಳಗೆ ಕೂತ ನೀವು, ನಾನು ಅವರ ಪರವಾಗಿ ಹೇಳುತ್ತೇವೆ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಸುಗ್ಗಿಯ ಹೊತ್ತಿಗೆ ಒಂದು ಸುತ್ತು ಹಾಕಿ. ಹಮಾಲರ ಬೆನ್ನ ಮೇಲೆ ಈಗ ಐವತ್ತು ಕಿಲೋ ಚೀಲ. ಹಿಂದೆ ಕ್ವಿಂಟಲ್ ಚೀಲವನ್ನೇ ಹೊರುತ್ತಿದ್ದರು. ಮಕ್ಕಳ ಮದುವೆ ಆಗುವಷ್ಟರಲ್ಲಿ ಸೊಂಟ ಹೋಗಿರುತ್ತದೆ. ಆ ಚೀಲವನ್ನು ಬೆಲ್ಟ್ ಮೇಲೆ ಹಾಕಿ ಲಾರಿಗೆ ಏರಿಸಿದರೆ ಯಾವ ಶರಣರು ಸಿಟ್ಟಾಗುತ್ತಾರೆ? ಅವರು ದೊಡ್ಡದು ಮಾಡಿದ್ದು ದುಡಿಯುವವರನ್ನು. ಸೊಂಟನೋವಿಗೆ ಅವರು ಕೈಲಾಸ ಅನ್ನಲಿಲ್ಲ.

ಡ್ರೋನ್ ಬಗ್ಗೆ ನಿಮಗೆ ಬೇಸರ. ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಆಳೆತ್ತರ ಬೆಳೆದಿರುತ್ತದೆ. ಕೀಡೆ ಬೀಳುವುದೂ ಆಗಲೇ. ಬೆನ್ನಿಗೆ ಪಂಪು ಕಟ್ಟಿಕೊಂಡವನು ಕೈ ಮೇಲೆತ್ತಿ ಹೊಡೆಯಬೇಕು. ಹೊಡೆದ ಎಣ್ಣೆಯಲ್ಲಿ ಅರ್ಧ ಅವನ ಮುಖದ ಮೇಲೇ ಇಳಿಯುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಅದೇ ಅವನ ರಕ್ಷಣೆ. ಈ ಕೆಲಸ ಮನುಷ್ಯನಿಗೇ ಇರಲಿ ಅಂತ ನೀವು ಕೇಳುತ್ತೀರಾ? ನಿಮ್ಮ ಮೊಮ್ಮಗಳನ್ನು ಕಳಿಸುತ್ತೀರಾ? ಕಳಿಸುವುದಿಲ್ಲ. ನಾನೂ ಕಳಿಸುವುದಿಲ್ಲ.

ಇದಕ್ಕಿಂತ ಹೊಲಸು ಕೆಲಸ ಇನ್ನೊಂದಿದೆ. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದು. ಹೊಲಸು ಅಂದದ್ದು ಗುಂಡಿಯ ಬಗ್ಗೆ ಅಲ್ಲ, ಇಳಿಸುವವರ ಬಗ್ಗೆ. ಇದರ ವಿರುದ್ಧ ಜೀವಮಾನವಿಡೀ ಹೋರಾಡಿದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರೇ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಕಾನೂನು 2013ರಲ್ಲೇ ಬಂತು. ಸಾವು ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಮನೆಗೆ 30 ಲಕ್ಷ ಕೊಡಬೇಕು ಅಂತ ಹೇಳಬೇಕಾಯಿತು. ಇತ್ತ ಕೇರಳದ ಎಂಜಿನಿಯರಿಂಗ್ ಹುಡುಗರು ‘ಬ್ಯಾಂಡಿಕೂಟ್’ ಅಂತ ಒಂದು ರೋಬೋಟ್ ಮಾಡಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಮೊದಲು ಗುಂಡಿಗೆ ಇಳಿಯಿತು. ಕೆಳಗೆ ಯಂತ್ರ, ಮೇಲೆ ಕೆಲಸಗಾರ. ಪರದೆ ನೋಡುತ್ತಾ ನಡೆಸುತ್ತಾನೆ. ಅದನ್ನು ನಡೆಸಲು ಕಲಿಸಿದ್ದು ಗುಂಡಿಗೆ ಇಳಿಯುತ್ತಿದ್ದವರಿಗೇ. ನಾನು ಕೇಳುವುದು ಇಂಥ ರೋಬೋಟನ್ನು. ಜಗತ್ತಿನ ಮೊದಲ ಕಾರ್ಖಾನೆ ರೋಬೋಟ್ ‘ಯೂನಿಮೇಟ್’ 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸಕ್ಕೆ ಸೇರಿದಾಗ ಅದಕ್ಕೆ ಕೊಟ್ಟ ಕೆಲಸವೂ ಇಂಥದ್ದೇ. ಅಚ್ಚಿನಿಂದ ಹೊರಬಂದ ಕಾದ ಲೋಹವನ್ನು ಎತ್ತಿಡುವುದು.

ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವ ಬೀದರಿನ ಬಿದ್ರಿ ಕಲೆಯಾದರೂ ಉಳಿಯುತ್ತಾ ಅಂತ ಒಂದು ಸಾಲು ಬರೆದಿದ್ದೀರಿ. (ಜಾಗ ಸಾಲದೆ ಅದನ್ನು ಅಚ್ಚು ಮಾಡಿಲ್ಲ.) ಕೋಟೆಯ ಮಣ್ಣನ್ನು ನಾಲಿಗೆಗೆ ಇಟ್ಟು ಪರೀಕ್ಷಿಸುವ ಕೈಗಳಿಗೆ ರೋಬೋಟಿನ ಭಯವಿಲ್ಲ. ಅವರ ಭಯ ಬೆಳ್ಳಿಯ ದರದ್ದು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು, ಸಂತೋಷ. ಬೆಳ್ಳಿ ತಂತಿ ಮಾತ್ರ ಪದ್ಮಶ್ರೀ ನೋಡಿ ಅಗ್ಗವಾಗುವುದಿಲ್ಲ.

ಈಗ ಯಾದಗಿರಿಯ ಹತ್ತಿಗೆ ಬರುತ್ತೇನೆ, ನನ್ನ ಮಾತಿನ ತಿರುಳು ಅಲ್ಲಿದೆ. 1944ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿ ಹತ್ತಿ ಬಿಡಿಸುವ ಯಂತ್ರವನ್ನು ಜನರ ಮುಂದೆ ಓಡಿಸಿ ತೋರಿಸಿದರು. ಮನುಷ್ಯ ಗಂಟೆಗೆ ಸುಮಾರು 9 ಕಿಲೋ ಬಿಡಿಸಿದರೆ ಯಂತ್ರ ಸುಮಾರು 450 ಕಿಲೋ ಬಿಡಿಸಿತು. ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನ ಆಗಲೇ ಉತ್ತರದ ಶಿಕಾಗೊ, ಡೆಟ್ರಾಯಿಟ್ ಕಡೆ ಹೊರಟಿದ್ದರು. ಯಂತ್ರ ಬಂದ ಮೇಲೆ ಆ ಗುಳೆ ಇನ್ನೂ ಜೋರಾಯಿತು.

ನಮ್ಮ ಶಹಾಪುರ, ಸುರಪುರದ ಹೊಲಗಳಿಗೆ ಆ ಯಂತ್ರ ಬಂದಿಲ್ಲ. ನಮ್ಮ ಗಿಡ ಹರಡಿಕೊಂಡು ಬೆಳೆಯುತ್ತದೆ, ಕಾಯಿ ಒಂದೇ ಸಲ ಒಡೆಯುವುದಿಲ್ಲ, ಮೂರ್ನಾಲ್ಕು ಸಲ ಬಿಡಿಸಬೇಕು. ಹೊಲಗಳೂ ಸಣ್ಣವು. ಹಾಗಾಗಿ ಇಂದಿಗೂ ಕೈಯಲ್ಲೇ ಬಿಡಿಸುತ್ತಾರೆ. ಯಾರ ಕೈ? ಹತ್ತಿಯ ಕಾಲದಲ್ಲಿ ಹೆಣ್ಣುಮಕ್ಕಳ ಹಾಜರಿ ಪುಸ್ತಕ ಹೇಗಿರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಸರಿ, ಯಂತ್ರ ಬರಲಿಲ್ಲವಲ್ಲ, ನಮ್ಮ ಜನ ಊರಲ್ಲೇ ಉಳಿದರಾ? ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರಿನ ಕಡೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ನಿಂತಾಗ ಜನರಲ್ ಬೋಗಿ ನೋಡಿ. ಹಾಸಿಗೆ ಸುರುಳಿ, ಪಾತ್ರೆಯ ಚೀಲ, ಕಂಕುಳಲ್ಲಿ ಮಗು. ಯಾವ ರೋಬೋಟ್ ಇವರನ್ನು ಹೊರಗೆ ಹಾಕಿತು? ಅಲ್ಲಿ ಯಂತ್ರ ಬಂದು ಜನ ಹೋದರು, ಇಲ್ಲಿ ಯಂತ್ರವೇ ಬಾರದೆ ಜನ ಹೋದರು. ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಯ ಎಂ.ಎಸ್.ಕೆ. ಮಿಲ್ ಇತ್ತಲ್ಲ, ನಿಜಾಮರ ಕಾಲದ ಮೆಹಬೂಬ್ ಶಾಹಿ ಮಿಲ್. ಈಗ ಅದು ಬಡಾವಣೆಯ ಹೆಸರಾಗಿ ಉಳಿದಿದೆ. ದೇಶದ ತುಂಬ ಇಂಥ ಹಳೆಯ ಜವಳಿ ಗಿರಣಿಗಳು ಮುಚ್ಚಿದ್ದಕ್ಕೆ ಒಂದು ಕಾರಣ, ಹಳೆಯ ಯಂತ್ರಗಳನ್ನು ಕಾಲಕ್ಕೆ ಸರಿಯಾಗಿ ಬದಲಿಸದೇ ಇದ್ದದ್ದು. ಇನ್ನು ನಮ್ಮ ಭಾಗದವರಿಗೆ ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ 2013ರಿಂದ ಇಲ್ಲಿಯವರೆಗೆ ಖಾಲಿ ಹುದ್ದೆ ತುಂಬಿ ಅಂತ ನಮ್ಮ ಹುಡುಗರು ಡಿಸಿ ಆಫೀಸಿನ ಮುಂದೆ ಕೂಗುತ್ತಲೇ ಇದ್ದಾರೆ. ಆ ಖಾಲಿ ಕುರ್ಚಿಯಲ್ಲಿ ಯಾವ ರೋಬೋಟ್ ಕೂತಿದೆ ಹೇಳಿ.

ಅದೇ ದಕ್ಷಿಣ ಕೊರಿಯಾ ನೋಡಿ. 2023ರ ಲೆಕ್ಕದಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಹತ್ತು ಸಾವಿರ ಕೆಲಸಗಾರರಿಗೆ 1,012 ರೋಬೋಟ್. ಜಗತ್ತಿನ ಸರಾಸರಿ 162. ಆ ವರ್ಷ ಅಲ್ಲಿ ನಿರುದ್ಯೋಗ ಶೇ 2.7. ಇದಕ್ಕೆ ಬೇರೆ ಕಾರಣಗಳೂ ಇವೆ, ಗೊತ್ತು. ಆದರೂ ಅತಿ ಹೆಚ್ಚು ರೋಬೋಟ್ ಇರುವ ನಾಡಿನಲ್ಲಿ ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ಹತ್ತಿ ಬಿಡಿಸಲೂ ಯಂತ್ರವಿಲ್ಲದ ನಮ್ಮ ತಾಲೂಕುಗಳಿಂದ ಗುಳೆ ಹೋಗುತ್ತಿದ್ದಾರೆ. ಇದನ್ನು ಸ್ವಲ್ಪ ಯೋಚಿಸಬೇಕು ಅಲ್ವಾ?

ಕಾನೂನು ಮಾಡಿ ತಡೆಯಲಿ ಅಂದಿರಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1811ರಿಂದ ಕಾಲುಚೀಲ ಹೆಣೆಯುವವರು ಹೆಣಿಗೆ ಯಂತ್ರಗಳನ್ನು ಒಡೆದರು. ಅವರು ಯಂತ್ರವನ್ನೇ ದ್ವೇಷಿಸಿದವರಲ್ಲ. ಕಳಪೆ ಮಾಲು, ಕಡಿಮೆ ಕೂಲಿ, ಇವು ಅವರ ಸಿಟ್ಟಿಗೆ ಕಾರಣ. ಸರ್ಕಾರ 1812ರಲ್ಲಿ ಕಾನೂನನ್ನೇನೋ ಮಾಡಿತು: ಯಂತ್ರ ಒಡೆದವನಿಗೆ ಮರಣದಂಡನೆ. ನಮ್ಮಲ್ಲಿ ಕಾನೂನು ಕೂಲಿಯವರ ಪರವಾಗಿಯೇ ಬಂತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಗುತ್ತೇದಾರ ಬೇಡ, ಆದಷ್ಟೂ ಯಂತ್ರ ಬೇಡ ಅಂತ ಹೇಳಿತು. ನೀವು ಕೇಳಿದ್ದು ಇಂಥದ್ದೇ ತಾನೆ? ಆಮೇಲೆ ಏನಾಯಿತು ಅನ್ನುವುದು ಈ ಭಾಗದ ಮಕ್ಕಳಿಗೂ ಗೊತ್ತು. ರಾತ್ರಿ ಜೆಸಿಬಿ ಬಂದು ಕೆರೆ ಹೂಳು ಎತ್ತುತ್ತಿತ್ತು. ಬೆಳಗ್ಗೆ ಜಾಬ್ ಕಾರ್ಡಿನವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಕೂಲಿ ಅವರ ಖಾತೆಗೆ ಬಂದು, ಅಲ್ಲಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತಿತ್ತು. ಹೆಸರು ಕೊಟ್ಟವರಿಗೆ ಒಂದಿಷ್ಟು ಚಿಲ್ಲರೆ. ಇಂಥ ದೂರು ಒಂದು ಪಂಚಾಯಿತಿಯದಲ್ಲ, ಒಂದು ಪಕ್ಷದ್ದೂ ಅಲ್ಲ. ಯಂತ್ರವೇನೋ ಕೆಲಸ ಮುಗಿಸಿತು. ಅದರಿಂದ ಉಳಿದ ಕೂಲಿ ಎಲ್ಲಿ ಹೋಯಿತು ಅಂತ ಕೇಳುವವರೇ ಇರಲಿಲ್ಲ.

ನೀವು ಅದನ್ನು ಕೇಳಬೇಕಿತ್ತು ಮಾಸ್ತರರೇ. ಮಕ್ಕಳಿಗೆ ಲೆಕ್ಕ ಕಲಿಸಿದವರು ನೀವು. ಬ್ಯಾನ್ ಮಾಡಿ ಅಂತ ಬರೆದುಬಿಟ್ಟರೆ ಜೆಸಿಬಿ ಮಾಲೀಕನಿಗೆ ಏನೂ ಆಗುವುದಿಲ್ಲ. ಯಂತ್ರ ಯಾರ ಹೆಸರಲ್ಲಿದೆ, ದುಡಿಮೆ ಯಾರಿಗೆ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅವನು ಬೆವರುತ್ತಾನೆ. 2023ರಲ್ಲಿ ಕೇಂದ್ರ ಸರ್ಕಾರ ‘ನಮೋ ಡ್ರೋನ್ ದೀದಿ’ ಅಂತ ಯೋಜನೆ ತಂದಿತು. 15,000 ಮಹಿಳಾ ಸಂಘಗಳಿಗೆ ಡ್ರೋನ್, ಬೆಲೆಯಲ್ಲಿ ಶೇ 80ರಷ್ಟು, ಅಂದರೆ 8 ಲಕ್ಷದವರೆಗೆ ಸಹಾಯಧನ. ನನಗೆ ಈ ಸರ್ಕಾರ, ಆ ಸರ್ಕಾರ ಅಂತ ಇಲ್ಲ. ಬಾಡಿಗೆ ದುಡ್ಡು ಹೆಂಗಸರ ಸಂಘಕ್ಕೆ ಬರಲಿ ಅನ್ನುವ ಈ ಯೋಚನೆ ಸರಿಯಾಗಿದೆ. ಸಾರ್ಟೆಕ್ಸ್ ಬಂದಾಗ ಯಾರಿಗೂ ಇದು ಹೊಳೆಯಲಿಲ್ಲ. ಬೇಳೆ ಹಸನು ಮಾಡುತ್ತಿದ್ದ ಹೆಂಗಸರ ಸಂಘಕ್ಕೇ ಅಂಥ ಒಂದು ಮಷೀನ್ ಕೊಡಿಸಿದ್ದರೆ ಆ ಅಜ್ಜಿಯ ಮಾತಿನಲ್ಲಿ ಅರ್ಧ ಮಾತ್ರ ಉಳಿಯುತ್ತಿತ್ತು.

ಇನ್ನು ನಿಮ್ಮ ಮೊಮ್ಮಗಳ ವಿಷಯ. ಬಣ್ಣ ನೋಡಿ ಬೇಳೆ ಆರಿಸುವ ಈ ಮಷೀನುಗಳಲ್ಲಿ ಬಹಳಷ್ಟು ಚೀನಾದ ಹೆಫೆ ಎಂಬ ನಗರದಲ್ಲಿ ತಯಾರಾಗುತ್ತವೆ. ತೊಗರಿ ನಮ್ಮದು, ಮಷೀನ್ ಅವರದು. ಸುಗ್ಗಿಯ ನಡುವೆ ಅದು ಕೆಟ್ಟು ನಿಂತರೆ ಮಿಲ್ಲಿನವರು ಮೆಕ್ಯಾನಿಕ್‌ಗಾಗಿ ಹೈದರಾಬಾದಿಗೋ ಸೋಲಾಪುರಕ್ಕೋ ಫೋನ್ ಹಚ್ಚಿ ದಾರಿ ಕಾಯುತ್ತಾರೆ. ಆ ಮೆಕ್ಯಾನಿಕ್ ನಮ್ಮೂರಿನ ಹುಡುಗಿ ಯಾಕಾಗಬಾರದು? ಡಿಪ್ಲೊಮಾ ಆಗಲಿ, ಬಿಇ ಆಗಲಿ, ಎಲೆಕ್ಟ್ರಾನಿಕ್ಸ್ ಅಥವಾ ಮೆಕಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ಓದು) ಸೇರಿಸಿ. ಸರ್ಟಿಫಿಕೇಟ್ ಸಾಲದು, ಮಷೀನ್ ಬಿಚ್ಚಿ ಮತ್ತೆ ಕಟ್ಟುವುದು ಬರಬೇಕು. ರಜೆಯಲ್ಲಿ ಯಾವುದಾದರೂ ಮಿಲ್ಲಿನಲ್ಲಿ ನಿಂತು ಕಲಿಯಲಿ. ಹುಡುಗಿಗೆ ಯಾಕೆ ಇದೆಲ್ಲ ಅಂತ ನೆಂಟರು ಅಂದೇ ಅನ್ನುತ್ತಾರೆ. ಅವರನ್ನು ನೀವು ನೋಡಿಕೊಳ್ಳಿ, ಬೆತ್ತ ಹಿಡಿದ ಅನುಭವ ನಿಮಗಿದೆ.

ಒಂದು ಕೆಲಸ ನಿಮಗೂ ಒಪ್ಪಿಸುತ್ತೇನೆ. ನಿಮ್ಮೂರಿಗೆ ಡ್ರೋನ್ ಬಂದಿದೆ ಅಂದಿರಲ್ಲ, ಅದು ಯಾರ ಹೆಸರಲ್ಲಿದೆ, ಎಕರೆಗೆ ಎಷ್ಟು ತೆಗೆದುಕೊಳ್ಳುತ್ತಾರೆ, ಹಾರಿಸುವವರು ಯಾವ ಊರಿನವರು, ಮೊದಲು ಪಂಪು ಹೊರುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ, ಇಷ್ಟು ವಿಚಾರಿಸಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.