ಕೊನೆಯ ದಿನಗಳಲ್ಲಿ ಆ ಮನೆಯವರಿಗೆ ಏನು ಮಾಡಬಹುದು?

ಗೆಳೆಯನ ತಾಯಿಯನ್ನು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಆಸ್ಪತ್ರೆಯಿಂದ ಕಳಿಸಿದ್ದಾರೆ, ಆ ಮನೆಯವರಿಗೆ ಹೇಗೆ ನೆರವಾಗಲಿ ಎಂದು ಕೇಳಿದ್ದೀರಿ. ನಮ್ಮ ಅಪ್ಪ ಹೊಟ್ಟೆಯ ಕ್ಯಾನ್ಸರಿನಿಂದ ಹೋದರು. ಆಗ ಕಂಡದ್ದನ್ನು ಹೇಳುತ್ತೇನೆ.

ಕೊನೆಯ ಮೂರು ವಾರ ನೋಡಲು ಬಂದವರಿಗೆ ಲೆಕ್ಕವಿಲ್ಲ. ಅಷ್ಟೂ ಜನರಿಗೆ ಅಮ್ಮ ಕಾಫಿ ಮಾಡಿದಳು. ಗೋಮೂತ್ರದಿಂದ ಹಿಡಿದು ಲಕ್ಷ್ಮಣಫಲದ ಎಲೆಯ ಕಷಾಯದವರೆಗೆ ಒಬ್ಬೊಬ್ಬರದೂ ಒಂದೊಂದು ಮದ್ದು. ‘ಮೊದಲೇ ತೋರಿಸಬೇಕಿತ್ತು’ ಎಂದವರೂ ಇದ್ದರು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದವರಿಗೆ ನಾವು ಏನನ್ನೂ ಹೇಳಲಿಲ್ಲ; ಯಾರೂ ಹೇಳುವುದಿಲ್ಲ. ಎದುರು ಮನೆಯಾಕೆ ಮಾತ್ರ ಹಿತ್ತಿಲ ಬಾಗಿಲಿನಿಂದ ಬಂದು, ಲೋಟಗಳನ್ನೆಲ್ಲ ತೊಳೆದಿಟ್ಟು, ಅನ್ನ ಸಾರು ಇಟ್ಟು ಹೋಗುತ್ತಿದ್ದರು.

ಅಮ್ಮನನ್ನು ತೀರಾ ಬೇಯಿಸಿದ್ದು ಊಟದ ವಿಷಯ. ‘ಎರಡೇ ತುತ್ತು’ ಎಂದು ಗೋಗರೆಯುತ್ತಿದ್ದಳು, ಅಪ್ಪ ಮುಖ ತಿರುಗಿಸುತ್ತಿದ್ದರು. ದೇಹಕ್ಕೆ ಈಗ ಅನ್ನ ಬೇಡವಾಗಿದೆ, ಬಲವಂತ ಮಾಡಿದರೆ ನೆತ್ತಿಗೇರುತ್ತದೆ ಎಂದು ಮನೆಗೆ ಬಂದ ನರ್ಸ್ ತಿಳಿಸಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ, ನಾಲಿಗೆ ಒರೆಸುವುದನ್ನು ತೋರಿಸಿಕೊಟ್ಟರು. ಕೈಗೊಂದು ಕೆಲಸ ಸಿಕ್ಕ ಮೇಲೆ ಅಮ್ಮ ಸ್ವಲ್ಪ ತಣ್ಣಗಾದಳು.

ನಮ್ಮಿಂದಾದ ದೊಡ್ಡ ತಪ್ಪು ನೋವಿನ ಮಾತ್ರೆಯದು. ಮಾರ್ಫಿನ್ ಚಟ ಹಿಡಿಸುತ್ತದೆ ಎಂದು ಸೋದರಮಾವ ತಡೆದರು, ನಾವೂ ನಂಬಿದೆವು. ನಾಲ್ಕು ಗಂಟೆಗೊಮ್ಮೆ ಕೊಡಬೇಕಾದದ್ದನ್ನು ನೋವು ಏರಿದ ಮೇಲೆ ಕೊಟ್ಟು, ಅಪ್ಪ ಒಂದು ಇಡೀ ರಾತ್ರಿ ನರಳಿದರು. ವೈದ್ಯರು ಬರೆದ ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೆದರುವಂಥದ್ದೇನಿಲ್ಲ. ಮಲಬದ್ಧತೆ ಬಂದೇ ಬರುತ್ತದೆ, ಗೆಳೆಯನ ಮನೆಯವರು ಅದಕ್ಕೂ ಔಷಧಿ ಕೇಳಿಕೊಳ್ಳಲಿ. 2014ರ ತಿದ್ದುಪಡಿಯಿಂದ ಮಾದಕ ವಸ್ತುಗಳ ಕಾನೂನು ಸಡಿಲವಾಗಿದ್ದರೂ ಈ ಮಾತ್ರೆ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಚೀಟಿ ಹಿಡಿದು ಅಲೆಯುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಅವರು ಬೆಂಗಳೂರಿನವರಾಗಿದ್ದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರವಾದ ಕರುಣಾಶ್ರಯವನ್ನು ವಿಚಾರಿಸಿ. ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ, ಅವರ ತಂಡ ಮನೆಗೂ ಬರುತ್ತದೆ.

ಒಂದೆರಡು ರಾತ್ರಿ ನೀವು ಎಚ್ಚರವಿದ್ದು ಗೆಳೆಯನನ್ನು ಮಲಗಿಸಿ. ಅವನು ಮಾತನಾಡಿದರೆ ಕೇಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ‘ಎಲ್ಲ ಸರಿಹೋಗುತ್ತದೆ’ ಎನ್ನಬೇಡಿ, ಸರಿಹೋಗುವುದಿಲ್ಲ ಎಂದು ಅವನಿಗೆ ಗೊತ್ತಿದೆ.

ಇನ್ನೊಂದು, ತಿಥಿ ಮುಗಿದ ಮರುದಿನದಿಂದ ಆ ಮನೆಗೆ ಯಾರೂ ಬರುವುದಿಲ್ಲ. ನಮ್ಮಲ್ಲಿ ಎದುರು ಮನೆಯಾಕೆ ಅದರ ಮರುವಾರವೂ ಹಿತ್ತಿಲ ಬಾಗಿಲಿನಿಂದ ಬಂದರು. ಆಗ ತೊಳೆಯಲು ಇದ್ದದ್ದು ಎರಡೇ ಲೋಟ.