‘ಪೋಸ್ಟರ್ ಸಾಕು ಮೇಡಂ, ಮಾತು ಬೇಡ’: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಆ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದ ಮೇಲೆ ಅವಳಿಗೇ ಓದಲು ಕೊಟ್ಟು, ಬೇಡ ಅಂದಿದ್ದನ್ನು ತೆಗೆದಿದ್ದೇನೆ.

ರೇಣುಕಾ ಅಂತ ಕರೆಯೋಣ. ಪಾವಗಡ ಕಡೆಯ ಹಳ್ಳಿಯವಳು. ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು, ರಸಾಯನಶಾಸ್ತ್ರ. ಪ್ರಾಜೆಕ್ಟ್‌ಗೆ ತನ್ನ ತಾಲ್ಲೂಕಿನ ಹಳ್ಳಿಗಳ ಬೋರ್‌ವೆಲ್ ನೀರು, ಶುದ್ಧ ನೀರಿನ ಘಟಕದ ನೀರು ಎರಡನ್ನೂ ತಂದು ಫ್ಲೋರೈಡ್ ಎಷ್ಟಿದೆ ಅಂತ ಅಳೆದಿದ್ದಳು. ಪದವಿ ವಿದ್ಯಾರ್ಥಿಗಳ ಸಂಶೋಧನಾ ವಿಚಾರ ಸಂಕಿರಣಕ್ಕೆ ಸಾರಾಂಶ ಕಳಿಸಿದಾಗ ಅದು ಮೌಖಿಕ ಮಂಡನೆಗೆ ಆಯ್ಕೆಯಾಯಿತು. 8 ನಿಮಿಷ ಮಾತು, 2 ನಿಮಿಷ ಪ್ರಶ್ನೆ. ಇವಳು ಗೈಡ್ ಹತ್ತಿರ ಹೋಗಿ, ಪೋಸ್ಟರ್ ಹಾಕುತ್ತೇನೆ, ಮಾತು ಬೇಡ ಅಂದಳು. ಅವರು ಒಪ್ಪಲಿಲ್ಲ, ಆದರೆ ಬೈಯಲೂ ಇಲ್ಲ, ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದರು.

ಬಂದಾಗ ಹೇಳಿದ ದೂರು ಎಲ್ಲರೂ ಹೇಳುವಂಥದ್ದೇ. ಇಂಗ್ಲಿಷ್ ಬರಲ್ಲ. ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಎದ್ದರೆ ಹೊಟ್ಟೆ ಕಲಸಿದ ಹಾಗಾಗುತ್ತೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಡಿಗ್ರಿಗೆ ಬಂದ ಮೇಲೆ ಇಂಗ್ಲಿಷ್. ಪಾವಗಡದ ಕಡೆಯ ಮಕ್ಕಳಿಗೆ ಇದು ಮಾಮೂಲಿ, ಮತ್ತು ಇದು ನಿಜವಾದ ಕಷ್ಟವೇ. ಅದನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಮೊದಲು ಬೇರೆ ಕೇಳಿದೆ: ‘ಇಂಗ್ಲಿಷ್ ಬಿಡಮ್ಮ. ನೀನು ಏನು ಮಾಡಿದೆ ಅಂತ ನನಗೆ ಹೇಳು. ಯಾವ ಭಾಷೆ ಆದ್ರೂ ಪರವಾಗಿಲ್ಲ.’

ಶುರು ಮಾಡಿದಳು ನೋಡಿ. ನೀರನ್ನು ಗಾಜಿನ ಬಾಟಲಿಯಲ್ಲಿ ತರಬಾರದು, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತೆ, ಅದಕ್ಕೆ ಪ್ಲಾಸ್ಟಿಕ್ ಬಾಟಲಿಯೇ ಬೇಕು ಅಂದಳು. ಲ್ಯಾಬ್‌ನಲ್ಲಿ ಸ್ಪ್ಯಾಡ್ನ್ಸ್ ಅನ್ನೋ ಕೆಂಪು ಬಣ್ಣದ ದ್ರಾವಣ ಹಾಕುತ್ತಾರಂತೆ. ಆ ಬಣ್ಣದ ಜೊತೆ ಇರುವ ಜಿರ್ಕೋನಿಯಂ ಅನ್ನು ಫ್ಲೋರೈಡ್ ಎಳೆದುಕೊಳ್ಳುತ್ತೆ, ಹಾಗಾಗಿ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ತಿಳಿಯಾಗುತ್ತೆ. ‘ಮಷಿನ್‌ನಲ್ಲಿ 570 ನ್ಯಾನೋಮೀಟರ್‌ಗೆ ಇಟ್ಟು ಓದ್ತೀವಿ ಮೇಡಂ, ಆದ್ರೆ ಕೆಲವು ಊರಿನ ನೀರಿಗೆ ಮಷಿನೇ ಬೇಡ, ಟ್ಯೂಬ್ ಎತ್ತಿ ಹಿಡಿದ್ರೆ ಕಣ್ಣಿಗೇ ಗೊತ್ತಾಗುತ್ತೆ.’ ನನಗೆ ರಸಾಯನಶಾಸ್ತ್ರದ ಗಂಧ ಇಲ್ಲ, ಆದರೂ ಎಲ್ಲ ಅರ್ಥವಾಯಿತು. ವಿಷಯ ಇಷ್ಟು ಚೆನ್ನಾಗಿ ಗೊತ್ತಿರುವ ಹುಡುಗಿ.

ಆದರೆ ಇಷ್ಟು ಹೊತ್ತೂ ಅವಳ ಎಡಗೈ ಬಾಯಿ ಮೇಲೇ ಇತ್ತು. ಮಾಸ್ಕ್ ಗಲ್ಲದ ಕೆಳಗೆ ಇಳಿದಿತ್ತು. ನಗು ಬಂದಾಗ ಮಾತ್ರ ಕೈ ಇನ್ನೂ ಬಿಗಿಯಾಗುತ್ತಿತ್ತು.

ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಕಂಡದ್ದನ್ನೆಲ್ಲ ತಕ್ಷಣ ಹೇಳಿಬಿಟ್ಟರೆ ಎದುರಿಗಿರುವವರು ಮುಚ್ಚಿಕೊಳ್ಳುತ್ತಾರೆ. ‘ಕಣ್ಣು ಮುಚ್ಚಿ ಆ ಸ್ಟೇಜ್ ನೆನೆಸಿಕೋ. ಎಲ್ಲಿಗೆ ಬಂದಾಗ ಎದೆ ಹೊಡೆದುಕೊಳ್ಳುತ್ತೆ?’ ಅಂತ ಕೇಳಿದೆ. ಇಂಗ್ಲಿಷ್ ಭಯ ಆಗಿದ್ದರೆ ಮೊದಲ ವಾಕ್ಯ ಅನ್ನಬೇಕಿತ್ತು, ಅಥವಾ ಪ್ರಶ್ನೋತ್ತರ ಅನ್ನಬೇಕಿತ್ತು. ಅವಳು ಹೇಳಿದ್ದು ಬೇರೆ.

‘ಮೂರನೇ ಸ್ಲೈಡ್ ಮೇಡಂ. ಅದರಲ್ಲಿ ಹಲ್ಲಿನ ಫೋಟೊ ಇದೆ. ಎಲ್ಲಾ ಅದನ್ನ ನೋಡ್ತಾರೆ, ಆಮೇಲೆ ನನ್ನ ನೋಡ್ತಾರೆ.’

ಆಮೇಲೆ ಅತ್ತಳು. ಹಾಸ್ಟೆಲ್‌ಗೆ ಬಂದ ಹೊಸದರಲ್ಲಿ ಒಬ್ಬಳು ‘ನೀನು ಹಲ್ಲುಜ್ಜಲ್ವಾ’ ಅಂತ ಕೇಳಿದ್ದಳಂತೆ. ಕೋವಿಡ್ ಕಾಲದ ಮಾಸ್ಕ್ ಎಲ್ಲರೂ ತೆಗೆದರು, ಇವಳು ತೆಗೆಯಲಿಲ್ಲ. ‘ಹಲ್ಲುಗಳನ್ನ ಸಂಕಿರಣದ ಹೊತ್ತಿಗೆ ಬಿಳಿ ಮಾಡಿಸ್ಕೋಬಹುದಾ ಮೇಡಂ’ ಅಂತಲೂ ಕೇಳಿದಳು.

ಅವಳ ಹಲ್ಲಿನ ಮೇಲಿದ್ದ ಕಲೆ, ಅಂದರೆ ದಂತ ಫ್ಲೋರೋಸಿಸ್, ಹೇಗೆ ಬರುತ್ತೆ ಅಂತ ನಾನು ಅವಳಿಗೆ ಹೇಳುವ ಅಗತ್ಯವೇ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ, ಸುಮಾರು 8 ವರ್ಷದ ಒಳಗೆ, ಒಸಡಿನ ಒಳಗೆ ಹಲ್ಲಿನ ಹೊರಪದರ ಬೆಳೆಯುವಾಗ ಹೊಟ್ಟೆಗೆ ಹೋದ ಫ್ಲೋರೈಡ್‌ನಿಂದ ಆಗುವ ಕಲೆ ಅದು, ಉಜ್ಜುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನೆಲ್ಲ ಅವಳೇ ಎರಡನೇ ಸ್ಲೈಡ್‌ನಲ್ಲಿ ಬರೆದಿದ್ದಳು. ಗೊತ್ತಿದ್ದ ಮಾತ್ರಕ್ಕೆ ನಾಚಿಕೆ ಹೋಗಲ್ಲ. ‘ನಿನ್ನ ತಪ್ಪಿಲ್ಲ ಕಣಮ್ಮ’ ಅಂತ ಹೇಳಿ ಕಳಿಸುವವರು ಇದನ್ನು ಮರೆಯುತ್ತಾರೆ.

ಇಲ್ಲಿ ಇನ್ನೊಂದು ತೊಡಕಿತ್ತು. ವಿಭಾಗದ ಒಬ್ಬ ಉಪನ್ಯಾಸಕರು, ಒಳ್ಳೆಯ ಮನಸ್ಸಿನಿಂದಲೇ, ‘ನಿನ್ನ ಕಥೆಯನ್ನೇ ಹೇಳಿ ಶುರು ಮಾಡು, ಜಡ್ಜ್‌ಗಳಿಗೆ ಮನಸ್ಸಿಗೆ ತಟ್ಟುತ್ತೆ’ ಅಂದಿದ್ದರು. ನಾನು ಇದನ್ನು ನೇರವಾಗಿ ಬೇಡ ಅಂದೆ. ರೂಮ್‌ಮೇಟ್ ಹತ್ತಿರ ಕೂಡ ಹೇಳದ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳೋಕೆ ಗುರುತಿಲ್ಲದ ಜನ ತುಂಬಿರುವ ಸಭಾಂಗಣ ಸರಿಯಾದ ಜಾಗ ಅಲ್ಲ. ಹೇಳಿ ಮುಗಿಸಿದರೂ ಅಲ್ಲಿಗೆ ಮುಗಿಯಲ್ಲ, ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಾಗ ಯಾರೋ ಬಂದು ಹಲ್ಲು ನೋಡುತ್ತಾರೆ, ಪಾಪ ಅನ್ನುತ್ತಾರೆ, ಆ ಹೊತ್ತಿಗೆ ಅವಳ ಪ್ರಾಜೆಕ್ಟ್ ಯಾರಿಗೂ ನೆನಪಿರಲ್ಲ. ಅವಳು ಬಿಸಿಲಲ್ಲಿ ಊರೂರು ತಿರುಗಿ ನೀರು ತಂದವಳು. ಜನ ಅವಳನ್ನು ಆ ಕೆಲಸದಿಂದ ನೆನಪಿಟ್ಟುಕೊಳ್ಳಬೇಕು. ಮುಂದೆ ಯಾವತ್ತಾದರೂ ಅವಳಿಗೇ ಹೇಳಬೇಕು ಅನ್ನಿಸಿದರೆ ಹೇಳಲಿ, ಅದು ಅವಳ ಇಷ್ಟ.

ಕೊಟ್ಟ ಸಲಹೆಗಳು ಇವು. ಮೂರನೇ ಸ್ಲೈಡ್‌ನ ಫೋಟೊ ಅವಳು ತೆಗೆದದ್ದಲ್ಲ, ನೆಟ್‌ನಿಂದ ಇಳಿಸಿದ್ದು. ‘ಅದು ಇರಲೇಬೇಕಾ?’ ಅಂತ ಕೇಳಿದೆ. ಯೋಚನೆ ಮಾಡಿ, ಇಲ್ಲ ಅಂದಳು. ಅವಳು ಅಳೆದದ್ದು ನೀರನ್ನು. ಹಾಗಾಗಿ ಅಲ್ಲಿಗೆ ಹಳ್ಳಿವಾರು ಗ್ರಾಫ್ ಬಂತು, ಭಾರತೀಯ ಮಾನಕದ ಗೆರೆಗಳ ಸಮೇತ: ಲೀಟರ್‌ಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ನೀರೇ ಸಿಗದಿದ್ದರೆ 1.5. ಭಯಕ್ಕಾಗಿ ಮಾಡಿದ ಬದಲಾವಣೆಯಿಂದ ಮಂಡನೆಯೇ ಗಟ್ಟಿಯಾಯಿತು ಅಂತ ಅವಳ ಗೈಡ್ ಹೇಳಿದರು.

ಯಾರಾದರೂ ‘ನಿಮಗೂ ಇದೆಯಾ’ ಅಂತ ಕೇಳಿದರೆ? ಈ ಪ್ರಶ್ನೆ ಬರಲ್ಲ ಅಂತ ಧೈರ್ಯ ಹೇಳೋದು ಸುಳ್ಳಾಗುತ್ತಿತ್ತು. ಅದಕ್ಕೇ ಉತ್ತರ ರೆಡಿ ಮಾಡಿಕೊಂಡೆವು. ‘ಹೌದು ಸರ್, ನಾನೂ ಅದೇ ನೀರು ಕುಡಿದು ಬೆಳೆದವಳು’ ಅಂತ ಒಂದು. ‘ನನ್ನ ಅಧ್ಯಯನ ನೀರಿನ ಮೇಲೆ ಸರ್, ಹಲ್ಲಿನ ಪರೀಕ್ಷೆ ನಾನು ಮಾಡಿಲ್ಲ’ ಅಂತ ಇನ್ನೊಂದು. ಎರಡೂ ನಿಜ. ಯಾವುದು ಹೇಳಬೇಕು ಅನ್ನೋದು ಆ ಕ್ಷಣದಲ್ಲಿ ಅವಳಿಗೆ ಬಿಟ್ಟದ್ದು. ಇದನ್ನು ನನ್ನೆದುರು ಜೋರಾಗಿ ಹೇಳಿಸಿದೆ. ಮೊದಲು ಗಂಟಲು ಕಟ್ಟಿತು, ಹೇಳುತ್ತಾ ಹೇಳುತ್ತಾ ಸಲೀಸಾಯಿತು.

ಬಿಳಿ ಮಾಡಿಸುವ ವಿಷಯ: ಕಲೆಗೆ ದಂತವೈದ್ಯರಲ್ಲಿ ಚಿಕಿತ್ಸೆಗಳಿವೆ, ಮೇಲ್ಪದರ ತುಸು ತಿಕ್ಕುವುದು, ಬಣ್ಣ ತಿಳಿಗೊಳಿಸುವುದು, ಮೇಲೆ ತೆಳು ಪದರ ಕೂರಿಸುವುದು, ಕಲೆ ಎಷ್ಟಿದೆ ಅನ್ನೋದರ ಮೇಲೆ. ಮಾಡಿಸಿಕೊಳ್ಳಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ತಾರೀಕಿಗೆ ಹೆದರಿ ಮಾಡಿಸಬೇಡ ಅಂದೆ.

ಅಭ್ಯಾಸಕ್ಕೆ ಬರೋಣ. ಇಡೀ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಅದನ್ನು ನಿಲ್ಲಿಸಿದೆ. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ನಿಂತುಹೋಗುತ್ತೆ. ಇಂಗ್ಲಿಷ್‌ನಲ್ಲಿ ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ. ಮಧ್ಯೆ ಗ್ರಾಫ್ ತೋರಿಸುತ್ತಾ, ನನಗೆ ಹೇಳಿದ ಹಾಗೆ ಹೇಳುವುದು. ಕನ್ನಡ ಬೆರೆಸಬಹುದಾ ಅಂತ ಸಂಘಟಕರನ್ನು ಕೇಳು ಅಂದೆ. ಕೇಳಿದಳು, ಒಪ್ಪಿದರು. ಕೇಳದೇ ಎಷ್ಟೋ ಮಕ್ಕಳು ಸುಮ್ನೆ ಒದ್ದಾಡುತ್ತಾರೆ.

ಮೊದಲು ಖಾಲಿ ಲ್ಯಾಬ್‌ನಲ್ಲಿ ಒಬ್ಬಳೇ, ನಿಂತುಕೊಂಡು, ದನಿ ತೆಗೆದು. ಆಮೇಲೆ ರೂಮ್‌ಮೇಟ್ ಎದುರು. ಆಮೇಲೆ ನಾಲ್ಕೈದು ಸಹಪಾಠಿಗಳ ಎದುರು. ಮಾಸ್ಕ್ ತೆಗೆ ಅಂತ ನಾನು ಹೇಳಲಿಲ್ಲ. ರೂಮ್‌ಮೇಟ್ ಎದುರು ಮೊದಲ ಎರಡು ನಿಮಿಷ ತೆಗೆದು ನೋಡು, ಕಷ್ಟ ಆದರೆ ಹಾಕಿಕೋ ಅಂದೆ. ಕೈ ಇಳಿಸು ಅಂತಲೂ ಹೇಳಲಿಲ್ಲ, ಕೈಗೆ ಕೆಲಸ ಕೊಟ್ಟೆ: ಬಲಗೈಯಲ್ಲಿ ಪಾಯಿಂಟರ್, ಎಡಗೈಯಲ್ಲಿ ಸ್ಯಾಂಪಲ್ ಬಾಟಲಿ.

ಗೈಡ್ ಜೊತೆ ಮಾತಾಡಲು ಅವಳ ಅನುಮತಿ ಕೇಳಿದೆ. ಅವರಿಗೆ ಹೇಳಿದ್ದು ಇಷ್ಟೇ: ಅಭ್ಯಾಸದ ಮಧ್ಯೆ ತಡೆದು ಇಂಗ್ಲಿಷ್ ತಿದ್ದಬೇಡಿ, ಬರೆದಿಟ್ಟುಕೊಂಡು ಕೊನೆಗೆ ಕೊಡಿ. ಕಷ್ಟದ ಪ್ರಶ್ನೆಗಳನ್ನು ನೀವೇ ಮೊದಲು ಕೇಳಿಬಿಡಿ. ಅವರು ಬಿಡಲಿಲ್ಲ. ನೀರಲ್ಲಿ ಕ್ಷಾರೀಯತೆ ಜಾಸ್ತಿ ಇದ್ದರೆ ಸ್ಪ್ಯಾಡ್ನ್ಸ್ ರೀಡಿಂಗ್ ಏರುಪೇರಾಗಲ್ವಾ? ಎಲೆಕ್ಟ್ರೋಡ್‌ನಲ್ಲಿ ಯಾಕೆ ಅಳೆಯಲಿಲ್ಲ? ಮಳೆಗಾಲ ಆದ ಮೇಲೆ ಮತ್ತೆ ನೋಡಿದ್ಯಾ? ಕೆಲವಕ್ಕೆ ಉತ್ತರ ಇತ್ತು, ಕೆಲವಕ್ಕೆ ಇರಲಿಲ್ಲ. ‘ಅದನ್ನ ನಾನು ನೋಡಿಲ್ಲ ಸರ್, ನೋಡಬೇಕಿದೆ’ ಅನ್ನೋದು ಪೂರ್ತಿ ಉತ್ತರ ಅಂತ ಅವಳಿಗೆ ನಂಬಿಕೆ ಬರಲು ಸ್ವಲ್ಪ ದಿನ ಹಿಡಿಯಿತು.

ಹಿಂದಿನ ರಾತ್ರಿ ಸ್ಲೈಡ್ ಮುಟ್ಟಬೇಡ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ಹೆಸರು ಕರೆಯುವ ಮುಂಚೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು ಅಂದೆ. ನಿದ್ದೆ ವಾರಗಟ್ಟಲೆ ಹೀಗೇ ಕೆಟ್ಟರೆ ಮನೋವೈದ್ಯರನ್ನು ನೋಡೋಣ ಅಂತಲೂ ಹೇಳಿದ್ದೆ, ಅಗತ್ಯ ಬೀಳಲಿಲ್ಲ. ಇದನ್ನು ಓದುವ ಯಾರಿಗಾದರೂ ಆ ಸ್ಥಿತಿ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಂಡಿಸಿದಳು. ಮಾಸ್ಕ್ ಇಲ್ಲದೆ. ಸಮಯ ಸ್ವಲ್ಪ ಮೀರಿತು, ಬಹುಮಾನ ಬರಲಿಲ್ಲ. ಹಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಒಬ್ಬರು ‘ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತಲ್ವಾ’ ಅಂದರಂತೆ. ‘ಹೋಗಲ್ಲ ಸರ್, ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತೆ, ಸಾಂದ್ರತೆ ಇನ್ನೂ ಏರುತ್ತೆ’ ಅಂತ ಕನ್ನಡದಲ್ಲೇ ಹೇಳಿದಳಂತೆ. ಇದನ್ನು ನನಗೆ ಹೇಳುವಾಗ ಅವಳ ಖುಷಿ ನೋಡಬೇಕಿತ್ತು.

ಕ್ಲಾಸಿಗೆ ಹೋಗುವಾಗ ಮಾಸ್ಕ್ ಈಗಲೂ ಇದೆ. ಆಗಾಗ ಬರುತ್ತಾಳೆ. ಎಂಎಸ್ಸಿಗೆ ಸೇರಿದರೆ ಹೊಸ ಕ್ಲಾಸು, ಹೊಸ ಜನ, ಅಲ್ಲಿ ಮೊದಲ ದಿನ ಮಾಸ್ಕ್ ಹಾಕಿಕೊಂಡು ಹೋಗುವುದಾ ಬೇಡವಾ ಅನ್ನೋದು ನಾವೀಗ ಮಾತಾಡುತ್ತಿರುವ ವಿಷಯ.