ಅಪ್ಪನ ಬಯಾಪ್ಸಿಯಲ್ಲಿ 'ಗ್ರಾನ್ಯುಲೋಮಾ' ಬಂದಿದೆ, ಕ್ಯಾನ್ಸರಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪನಿಗೆ 61 ವರ್ಷ, ಅಡಿಕೆ ತೋಟ ಇದೆ. ಮೂರು ತಿಂಗಳಿಂದ ಕೆಮ್ಮು. ಶಿವಮೊಗ್ಗದಲ್ಲಿ ಶ್ವಾಸಕೋಶದ ಚೂರು ತೆಗೆದು ಬಯಾಪ್ಸಿ ಮಾಡಿದರು. ವಾರ ಕಳೆದ ಮೇಲೆ 'ಗ್ರಾನ್ಯುಲೋಮಾ ಇದೆ, ಇನ್ನೂ ಬಣ್ಣದ ಪರೀಕ್ಷೆ ಬಾಕಿ' ಎಂದಿದ್ದಾರೆ. ಇದು ಕ್ಯಾನ್ಸರಾ? ಇಷ್ಟು ತಡ ಯಾಕೆ?

ಉತ್ತರ: ಗ್ರಾನ್ಯುಲೋಮಾ ಕ್ಯಾನ್ಸರ್‌ನ ಹೆಸರಲ್ಲ. ದೇಹದ ಕಾವಲು ಕಣಗಳು ಯಾವುದನ್ನೋ ಸುತ್ತುವರಿದು ಕಟ್ಟಿದ ಪುಟ್ಟ ಗಂಟು ಅದು. ಯಾವುದನ್ನು ಅಂತ ಹುಡುಕುವುದಕ್ಕೇ ಸಮಯ ಬೇಕು.

ಚೂರು ಮೊದಲು ಫಾರ್ಮಾಲಿನ್ ಎಂಬ ಕೆಡದಂತೆ ಇಡುವ ದ್ರಾವಣದಲ್ಲಿ ಗಟ್ಟಿಯಾಗಬೇಕು. ಆಮೇಲೆ ಲ್ಯಾಬಿನಲ್ಲಿ ಚೂರು ಪರೀಕ್ಷಿಸುವ ನಾವು ನೀರಿನಂಶ ತೆಗೆದು ಮೇಣ ತುಂಬಿಸಿ, 3–4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಮೂರು-ನಾಲ್ಕು ಭಾಗ) ತೆಳುವಾಗಿ ಕೊಯ್ಯುತ್ತೇವೆ. ಮೊದಲ ಬಣ್ಣದಲ್ಲಿ ಗಂಟು ಕಾಣುತ್ತದೆ, ಟಿಬಿ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಅದಕ್ಕೆ ಝೀಲ್-ನೀಲ್ಸನ್ ಬಣ್ಣ ಹಾಕಬೇಕು. ಆಗ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳನ್ನು ಇಂಚಿಂಚು ಹುಡುಕುತ್ತೇವೆ. ಗಂಟಿನ ನಡುಭಾಗ ಗಿಣ್ಣು ಪುಡಿಯಾದ ಹಾಗೆ ಸತ್ತಿದ್ದರೆ ನಮ್ಮ ಮೊದಲ ಅನುಮಾನ ಟಿಬಿಯ ಮೇಲೆ. ಕಡ್ಡಿ ಸಿಗಲಿಲ್ಲ ಅಂದ ಮಾತ್ರಕ್ಕೆ ಟಿಬಿ ಇಲ್ಲ ಅಂತಲ್ಲ, ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಯೂ ಆಗಲಿ.

ಮಲೆನಾಡಿನವರ ಚೂರು ನೋಡುವಾಗ ಇನ್ನೆರಡು ವಿಷಯ ನನ್ನ ತಲೆಯಲ್ಲಿ ಇರುತ್ತವೆ. ಒಂದು, ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲು. ಅದರ ಧೂಳು ಒಳಗೆ ಹೋಗಿ ಬರುವ ಕಾಯಿಲೆಯಲ್ಲಿ ಗಂಟುಗಳು ಚಿಕ್ಕವು, ಸಡಿಲ, ಸಣ್ಣ ಗಾಳಿಕೊಳವೆಗಳ ಪಕ್ಕದಲ್ಲೇ ಇರುತ್ತವೆ. ಇನ್ನೊಂದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 1969ರಲ್ಲಿ ಪೋರ್ಚುಗಲ್‌ನ ದ್ರಾಕ್ಷಿ ತೋಟದ ಕೆಲಸಗಾರರ ಬಗ್ಗೆ ಒಂದು ವರದಿ ಬಂತು. ಇದೇ ಮೈಲುತುತ್ತ-ಸುಣ್ಣ ಹೊಡೆಯುತ್ತಿದ್ದವರ ಶ್ವಾಸಕೋಶದಲ್ಲಿ ಗ್ರಾನ್ಯುಲೋಮಾ, ಅದರೊಳಗೆ ತಾಮ್ರ! ಇದು ಬಹಳ ಅಪರೂಪ, ಗಾಬರಿಯಾಗಬೇಡಿ. ಆದರೆ ತಾಮ್ರ ತೋರಿಸಲು ಬೇರೆಯೇ ಬಣ್ಣ ಬೇಕು. ಯಾರೂ ಹೇಳದಿದ್ದರೆ ಅದನ್ನು ಹಾಕುವ ಯೋಚನೆ ಯಾರಿಗೆ ಬರುತ್ತದೆ, ಅಲ್ವಾ?

ಚೂರಿನ ಜೊತೆ ಬರುವ ಚೀಟಿಯಲ್ಲಿ ಎಷ್ಟೋ ಸಲ 'ಕೆಮ್ಮು' ಅಂತ ಒಂದೇ ಪದ ಇರುತ್ತದೆ. ನನಗೆ ತುಂಬಾ ಬೇಸರ ಆಗುವುದು ಇದಕ್ಕೇ. ಅಪ್ಪ ಎಷ್ಟು ವರ್ಷದಿಂದ ಔಷಧಿ ಹೊಡೆದಿದ್ದಾರೆ, ಮುಖಕ್ಕೆ ಬಟ್ಟೆ ಕಟ್ಟುತ್ತಿದ್ದರಾ, ಹುಲ್ಲು ಎಲ್ಲಿ ಇಡುತ್ತೀರಿ, ಬೀಡಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಎಲ್ಲ ಒಂದು ಹಾಳೆಯಲ್ಲಿ ಬರೆದು ನಾಳೆಯೇ ಲ್ಯಾಬಿಗೆ ಕೊಡಿ. ಸ್ಕ್ಯಾನ್ ವರದಿಯ ಪ್ರತಿಯೂ ಇರಲಿ. ಸೂಜಿಯಲ್ಲಿ ಬಂದ ಚೂರು ಚಿಕ್ಕದು, ಸ್ಕ್ಯಾನ್ ಜೊತೆ ಹೊಂದಿಸಿ ನೋಡಿದ ಮೇಲೆಯೇ ಕ್ಯಾನ್ಸರ್ ಇಲ್ಲ ಅನ್ನಬಹುದು.

ಟಿಬಿ ವಿಷಯ ತೀರ್ಮಾನ ಆಗುವವರೆಗೆ ಯಾರದ್ದೋ ಮಾತು ಕೇಳಿ ಸ್ಟಿರಾಯ್ಡ್ ಮಾತ್ರೆ ಶುರು ಮಾಡಬೇಡಿ. ಬೇರೆ ಕಡೆ ತೋರಿಸುವುದಾದರೆ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಂಡು ಹೋಗಿ. ಬ್ಲಾಕಿನಲ್ಲಿ ಚೂರು ಉಳಿದಿದ್ದರೆ ಅದನ್ನೇ ಮತ್ತೆ ಕೊಯ್ದು ನೋಡಬಹುದು, ಅಪ್ಪನಿಗೆ ಇನ್ನೊಮ್ಮೆ ಸೂಜಿ ಚುಚ್ಚುವುದು ತಪ್ಪಬಹುದು.